ಎರಡು ಗುಂಡಿಗಳ ಪಾಠ: ಪೀಣ್ಯದ ಎಂಟನೇ ತರಗತಿಯಲ್ಲಿ ತಂತ್ರಜ್ಞಾನ ಸಾಕ್ಷರತೆ

ಬಿ.ಇಡಿ. ಎರಡನೇ ವರ್ಷದ ಇಂಟರ್ನ್‌ಶಿಪ್‌ಗೆ ನನಗೆ ಹಂಚಿಕೆಯಾದದ್ದು ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡಿರುವ ಒಂದು ಸರ್ಕಾರಿ ಪ್ರೌಢಶಾಲೆ. ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಪೀಣ್ಯ ಇಂಡಸ್ಟ್ರಿ ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆದುಹೋಗುವ ದಾರಿಯ ಎರಡೂ ಬದಿಗೆ ಶೆಡ್‌ಗಳು: ಲೇತ್, ವೆಲ್ಡಿಂಗ್, ಪ್ಲೇಟಿಂಗ್, ಪೌಡರ್ ಕೋಟಿಂಗ್, ಶೀಟ್ ಮೆಟಲ್, ನಡುನಡುವೆ ಗಾರ್ಮೆಂಟ್ಸ್. ನಮ್ಮ ತರಗತಿಯ ಹಿಂದಿನ ಗೋಡೆಯಾಚೆಗೆ ಒಂದು ಪ್ರೆಸ್ ಶಾಪ್ ಇದೆ. ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೆ ‘ಧಡ್, ಧಡ್’ ಎಂಬ ಸದ್ದು ಕೇಳುತ್ತಲೇ ಇರುತ್ತದೆ. ಮೊದಲ ಮೂರು ದಿನ ಆ ಸದ್ದಿಗೆ ನನಗೆ ತಲೆನೋವು ಬಂತು. ಮಕ್ಕಳಿಗೆ ಅದು ಕೇಳಿಸುವುದೇ ಇಲ್ಲ. ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರದ ಬಾಡಿಗೆ ಮನೆಗಳಿಂದ ಬರುವ ಈ ಮಕ್ಕಳು ಹುಟ್ಟಿನಿಂದ ಆ ಸದ್ದಿನಲ್ಲೇ ಬೆಳೆದವರು.

ಎಂಟನೇ ತರಗತಿಯಲ್ಲಿ ಎರಡು ವಾರಗಳಲ್ಲಿ ಹರಡಿಕೊಂಡ ಐದು ಅವಧಿಗಳ ಅನುಭವವನ್ನು ಇಲ್ಲಿ ಬರೆದಿದ್ದೇನೆ. ಯೋಜಿಸಿದ್ದೇನು, ಸೋತದ್ದೇನು, ಕೊನೆಗೆ ಒಬ್ಬ ಪೋಷಕರು ಶಾಲೆಗೆ ಬಂದು ನನಗೆ ಕಲಿಸಿದ್ದೇನು ಎಂಬುದನ್ನು ಮುಚ್ಚಿಡದೆ ಹೇಳುವುದು ಮುಂದಿನ ವರ್ಷದ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತು. ಶಾಲೆಯ, ಮಕ್ಕಳ, ಕಾರ್ಖಾನೆಗಳ ಹೆಸರುಗಳನ್ನು ಬಳಸಿಲ್ಲ.

ಮೊದಲ ಅವಧಿ: ಸೋತ ಪಾಠ

‘ತಂತ್ರಜ್ಞಾನ ಸಾಕ್ಷರತೆ’ಯ ಮೇಲೆ ಒಂದು ಕಿರು ಘಟಕ ಯೋಜಿಸಿ ಬೋಧಿಸಬೇಕೆಂಬುದು ನಮಗೆ ಕೊಟ್ಟಿದ್ದ ಕಾರ್ಯ. ನಾನು ಹೆಚ್ಚು ಯೋಚಿಸದೆ ‘ಗಣಕಯಂತ್ರದ ಭಾಗಗಳು’ ಎಂಬ ಪಾಠಯೋಜನೆ ಬರೆದೆ. ಆದಾನ ಸಾಧನ, ಪ್ರದಾನ ಸಾಧನ, ಸಂಸ್ಕರಣಾ ಘಟಕ ಎಂದು ಬಣ್ಣದ ಚಾರ್ಟ್ ಮಾಡಿದೆ. ಕಂಪ್ಯೂಟರ್ ಕೊಠಡಿಯಲ್ಲಿ ಆ ದಿನ ಓಡುತ್ತಿದ್ದ ಯಂತ್ರಗಳು ಮೂರು, ಮಕ್ಕಳು ನಲವತ್ತೊಂದು. ಹತ್ತು ನಿಮಿಷವಾಗುತ್ತಲೇ ಕರೆಂಟು ಹೋಯಿತು, ಯುಪಿಎಸ್ ಕೈಕೊಟ್ಟಿತು. ಚಾರ್ಟ್ ತೋರಿಸಿ ಪಾಠ ಮುಂದುವರಿಸಿದೆ. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ, “ಮಿಸ್, ಇದು ಆರನೇ ಕ್ಲಾಸಲ್ಲೇ ಬರ್ಕೊಂಡಿದ್ವಿ” ಎಂದಳು.

ಉಳಿದ ಸಮಯ ತುಂಬಿಸಲು ಒಂದು ಪ್ರಶ್ನೆ ಕೇಳಿದೆ: “ತಂತ್ರಜ್ಞಾನ ಅಂದರೇನು? ನಿಮಗೆ ಗೊತ್ತಿರುವ ತಂತ್ರಜ್ಞಾನದ ಉದಾಹರಣೆಗಳನ್ನು ಹೇಳಿ.” ಕಂಪ್ಯೂಟರ್, ಮೊಬೈಲ್, ಇಂಟರ್ನೆಟ್, ರೋಬೋಟ್, ರಾಕೆಟ್ ಎಂದರು. ಕಪ್ಪುಹಲಗೆ ಅರ್ಧ ತುಂಬಿತು. ಗೋಡೆಯಾಚೆ ಪ್ರೆಸ್ ‘ಧಡ್’ ಎನ್ನುತ್ತಲೇ ಇತ್ತು. ಪ್ರೆಸ್ ಎಂದವರು ಯಾರೂ ಇಲ್ಲ. ಲೇತ್ ಇಲ್ಲ, ಹೊಲಿಗೆ ಯಂತ್ರ ಇಲ್ಲ, ಬೋರ್‌ವೆಲ್ ಪಂಪು ಇಲ್ಲ, ಕುಕ್ಕರ್ ಇಲ್ಲ. ಅಪ್ಪ ಅಮ್ಮ ದಿನಕ್ಕೆ ಎಂಟು ಹತ್ತು ಗಂಟೆ ಕೈಯಿಡುವ ಯಂತ್ರಗಳು ತಂತ್ರಜ್ಞಾನವೆಂದು ಆ ಮಕ್ಕಳಿಗೆ ಅನಿಸಿರಲಿಲ್ಲ. ನಿಜ ಹೇಳಬೇಕೆಂದರೆ ಪಾಠಯೋಜನೆ ಬರೆಯುವಾಗ ನನಗೂ ಅನಿಸಿರಲಿಲ್ಲ.

ವೀಕ್ಷಣೆಗೆ ಬಂದಿದ್ದ ನಮ್ಮ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದರು: “ಹಲಗೆಯ ಮೇಲೆ ಏನಿಲ್ಲವೋ ಅದರಿಂದ ಮುಂದಿನ ಪಾಠ ಆರಂಭಿಸಿ.”

ಪದದ ಅರ್ಥ ಹುಡುಕುತ್ತಾ

ಸಹಿ ಹಾಕಲು ಬಂದವರೆಲ್ಲ ಓದಬಲ್ಲವರಲ್ಲ. ಸಾಲದ ಪತ್ರಕ್ಕೆ ಸಹಿ ಹಾಕುವ ಮುನ್ನ ಅದರಲ್ಲಿ ಏನಿದೆಯೆಂದು ಓದಿ, ಅರ್ಥಮಾಡಿಕೊಂಡು, ‘ಈ ಷರತ್ತು ಯಾಕೆ?’ ಎಂದು ಕೇಳಬಲ್ಲವರನ್ನು ಸಾಕ್ಷರರು ಎನ್ನುತ್ತೇವೆ. ತಂತ್ರಜ್ಞಾನಕ್ಕೂ ಇದೇ ಮಾತು ಸಲ್ಲುತ್ತದೆ. ಮೌಸ್ ಹಿಡಿಯುವುದು, ಆ್ಯಪ್ ತೆರೆಯುವುದು ಸಹಿ ಕಲಿತಂತೆ. ಮನುಷ್ಯ ಮಾಡಿದ ಒಂದು ವಸ್ತು ಹೇಗೆ ಕೆಲಸ ಮಾಡುತ್ತದೆ, ಯಾಕೆ ಹಾಗೆ ಮಾಡಲಾಗಿದೆ, ಯಾರಿಗೆ ಲಾಭ, ಯಾರಿಗೆ ಅಪಾಯ ಎಂದು ತೂಗಿನೋಡುವುದು ಓದು ಕಲಿತಂತೆ.

ಈ ವಿಚಾರ ಹೊಸದಲ್ಲ. 1937ರಲ್ಲಿ ವಾರ್ಧಾ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದ ಕಲ್ಪನೆಯಲ್ಲಿ ಕಸುಬು ಪಠ್ಯದ ಕೊನೆಗೆ ಅಂಟಿಸಿದ ಚಟುವಟಿಕೆಯಾಗಿರಲಿಲ್ಲ. ತಕಲಿಯ ಮೂಲಕವೇ ಗಣಿತ, ವಿಜ್ಞಾನ, ಇತಿಹಾಸ ಕಲಿಯಬೇಕೆಂಬುದು ಅದರ ತಿರುಳು. ಇಂಗ್ಲೆಂಡ್ 1990ರಲ್ಲಿ ತನ್ನ ರಾಷ್ಟ್ರೀಯ ಪಠ್ಯಕ್ರಮದಲ್ಲಿ ‘ವಿನ್ಯಾಸ ಮತ್ತು ತಂತ್ರಜ್ಞಾನ’ವನ್ನು ಒಂದು ವಿಷಯವನ್ನಾಗಿ ತಂದಿತು. ಅಮೆರಿಕದ ತಂತ್ರಜ್ಞಾನ ಶಿಕ್ಷಕರ ಸಂಘ 2000ದಲ್ಲಿ ತಂತ್ರಜ್ಞಾನ ಸಾಕ್ಷರತೆಗೆ 20 ಮಾನಕಗಳನ್ನು ಪ್ರಕಟಿಸಿತು. ಅವು ಕಂಪ್ಯೂಟರಿಗೆ ಸೀಮಿತವಲ್ಲ. ಕೃಷಿ, ಸಾರಿಗೆ, ಕಟ್ಟಡ, ತಯಾರಿಕೆ, ವೈದ್ಯಕೀಯ ಎಲ್ಲವೂ ಅವುಗಳೊಳಗೆ ಬರುತ್ತವೆ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ದಾಖಲೆಯೂ 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಸ್ಥಳೀಯ ಕಸುಬುದಾರರ ಬಳಿ ಕಲಿಯಬೇಕೆಂದು ಹೇಳುತ್ತದೆ.

ಪೀಣ್ಯದ ಶಿಕ್ಷಕಿಗೆ ಇಷ್ಟು ದೂರ ಹೋಗಬೇಕಾದ ಅಗತ್ಯವೂ ಇರಲಿಲ್ಲ. ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ. ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್ ಅವರ ನೇತೃತ್ವದ ತಂಡ ಅಲ್ಲಿ ಕಟ್ಟಿದ, ಸುಮಾರು 360 ಕಿಲೋ ತೂಕದ ಆ ಉಪಗ್ರಹ 1975ರ ಏಪ್ರಿಲ್ 19ರಂದು ಅಂದಿನ ಸೋವಿಯತ್ ಒಕ್ಕೂಟದಿಂದ ಉಡಾವಣೆಯಾಯಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯುವುದನ್ನು ನಿಯಂತ್ರಿಸಿದ ಇಸ್ರೋ ಕೇಂದ್ರವೂ ಪೀಣ್ಯದಲ್ಲೇ ಇದೆ. ಇದನ್ನು ಹೇಳಿದಾಗ ಮಕ್ಕಳು ನಂಬಲಿಲ್ಲ. “ಶೆಡ್ಡಲ್ಲಾ ಮಿಸ್? ನಮ್ಮಪ್ಪ ಕೆಲ್ಸ ಮಾಡೋ ಥರ ಶೆಡ್ಡಲ್ಲಾ?” ಎಂದು ಒಬ್ಬ ಮತ್ತೆ ಮತ್ತೆ ಕೇಳಿದ.

ಮನೆಗೆ ಕೊಟ್ಟ ನಾಲ್ಕು ಪ್ರಶ್ನೆಗಳು

ಮಾರ್ಗದರ್ಶಕರ ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡು ಮಕ್ಕಳಿಗೆ ಒಂದು ಹಾಳೆ ಕೊಟ್ಟೆ. ಮನೆಯವರು ಬಳಸುವ ಯಾವುದಾದರೂ ಒಂದು ಯಂತ್ರ ಆರಿಸಿ, ಅವರನ್ನೇ ಕೇಳಿ ಬರೆಯಬೇಕು:

1. ಇದು ಏನು ಕೆಲಸ ಮಾಡುತ್ತದೆ?
2. ಹೇಗೆ ಮಾಡುತ್ತದೆ? ಶಕ್ತಿ ಎಲ್ಲಿಂದ ಬರುತ್ತದೆ?
3. ತಪ್ಪಾದರೆ ಏನಾಗುತ್ತದೆ? ತಡೆಯಲು ಯಂತ್ರದಲ್ಲಿ ಏನಿದೆ?
4. ಅದು ಹೀಗೆಯೇ ಇರಬೇಕೆಂದು ತೀರ್ಮಾನಿಸಿದವರು ಯಾರು?

ಬಂದ ಉತ್ತರಗಳನ್ನು ಓದುತ್ತಾ ಅಂದು ರಾತ್ರಿ ನಿದ್ದೆ ತಡವಾಯಿತು. ಒಬ್ಬ ಹುಡುಗಿ ತನ್ನ ತಾಯಿ ಕೂರುವ ಹೊಲಿಗೆ ಯಂತ್ರದ ಚಿತ್ರ ಬರೆದು ನೀಡಲ್ ಗಾರ್ಡ್ ಎಲ್ಲಿದೆ ಎಂದು ಬಾಣ ಹಾಕಿದ್ದಳು. ‘ದಾರ ಪೋಣಿಸಲು ಅಡ್ಡ ಬರುತ್ತದೆ, ಅದಕ್ಕೆ ಮೇಲೆ ಎತ್ತಿಟ್ಟಿರುತ್ತಾರೆ’ ಎಂಬ ಟಿಪ್ಪಣಿಯೂ ಇತ್ತು. ಲೇತ್ ಬಗ್ಗೆ ಬರೆದವನು ‘ತುಂಬು ತೋಳಿನ ಅಂಗಿ ಹಾಕಬಾರದು’ ಎಂದಿದ್ದ. ಪವರ್ ಪ್ರೆಸ್ ಬಗ್ಗೆ ಬರೆದವರು ಆರು ಮಂದಿ. ಮೂರನೇ ಪ್ರಶ್ನೆಗೆ ಬಹುತೇಕ ಎಲ್ಲರ ಉತ್ತರ ಒಂದೇ: ‘ಹುಷಾರಾಗಿರಬೇಕು.’ ನಾಲ್ಕನೇ ಪ್ರಶ್ನೆಯ ಜಾಗ ಹೆಚ್ಚಿನ ಹಾಳೆಗಳಲ್ಲಿ ಖಾಲಿ.

ನನ್ನ ಘಟಕ ಅಲ್ಲೇ ಸಿಕ್ಕಿತು. ‘ಹುಷಾರಾಗಿರಬೇಕು’ ಎಂಬ ಉತ್ತರದಿಂದ ‘ಯಂತ್ರವನ್ನು ಹೇಗೆ ಕಟ್ಟಿದ್ದಾರೆ?’ ಎಂಬ ಪ್ರಶ್ನೆಯವರೆಗೆ ಮಕ್ಕಳನ್ನು ಕರೆದೊಯ್ಯಬೇಕು. ಪಠ್ಯದಲ್ಲಿ ಆಗ ‘ಬಲ ಮತ್ತು ಒತ್ತಡ’ ಪಾಠ ನಡೆಯುತ್ತಿತ್ತು. ಪವರ್ ಪ್ರೆಸ್‌ಗಿಂತ ಒಳ್ಳೆಯ ಉದಾಹರಣೆ ಅದಕ್ಕೆ ಬೇರೆ ಬೇಕಿರಲಿಲ್ಲ.

ಎರಡನೇ ಅವಧಿ: ಗೋಡೆಯಾಚೆಯ ಸದ್ದು

ತೊಡಗಿಸಿಕೊಳ್ಳುವ ಹಂತದಲ್ಲಿ ಮಾತಾಡದೆ ಎಲ್ಲರೂ ಒಂದು ನಿಮಿಷ ಗೋಡೆಯಾಚೆಯ ಸದ್ದನ್ನು ಎಣಿಸಿದೆವು. ಅದು ಏಕೆ ಒಂದೇ ತಾಳದಲ್ಲಿ ಬರುತ್ತದೆ ಎಂದು ಕೇಳಿದೆ. ಪ್ರೆಸ್ ಬಗ್ಗೆ ಬರೆದಿದ್ದ ಮಕ್ಕಳೇ ಎದ್ದು ವಿವರಿಸಿದರು. ಮೋಟಾರು ಒಂದು ಭಾರವಾದ ಚಕ್ರವನ್ನು ಸದಾ ತಿರುಗಿಸುತ್ತಿರುತ್ತದೆ, ಅದೇ ಫ್ಲೈವೀಲ್. ಕಾಲಿನ ಹೊಲಿಗೆ ಯಂತ್ರದ ದೊಡ್ಡ ಚಕ್ರ ಕಾಲು ತೆಗೆದ ಮೇಲೂ ಸ್ವಲ್ಪ ಹೊತ್ತು ತಿರುಗುವುದನ್ನು ಎಲ್ಲರೂ ನೋಡಿದ್ದರು. ಪೆಡಲ್ ತುಳಿದಾಗ ಕ್ಲಚ್ ಆ ಚಕ್ರವನ್ನು ದಂಡಕ್ಕೆ ಸೇರಿಸುತ್ತದೆ. ದಂಡ ಒಂದು ಸುತ್ತು ಸುತ್ತುವಷ್ಟರಲ್ಲಿ ಪಂಚ್ ಕೆಳಗಿಳಿದು, ಡೈ ಮೇಲಿನ ಶೀಟ್ ಕತ್ತರಿಸಿ, ಮೇಲೇಳುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದೆ. ಹಳೆಯ ಮಾದರಿಯ ಪ್ರೆಸ್‌ಗಳಲ್ಲಿ ಕ್ಲಚ್ ಒಮ್ಮೆ ಹಿಡಿದರೆ ಸುತ್ತು ಪೂರ್ತಿಯಾಗುವವರೆಗೆ ನಡುವೆ ನಿಲ್ಲಿಸಲು ಬರುವುದಿಲ್ಲ. ಪೆಡಲ್‌ನಿಂದ ಕಾಲು ತೆಗೆದರೂ ಪಂಚ್ ಇಳಿದೇ ಇಳಿಯುತ್ತದೆ.

ನಂತರ ಲೆಕ್ಕ. 10 ಟನ್ ಪ್ರೆಸ್ ಎಂದರೆ 10,000 ಕಿಲೋ ತೂಕಕ್ಕೆ ಸಮನಾದ ಬಲ, ಅಂದರೆ ಸುಮಾರು 1,00,000 ನ್ಯೂಟನ್. ಎರಡು ದೊಡ್ಡ ಆನೆಗಳು ಒಂದರ ಮೇಲೊಂದು ನಿಂತಂತೆ. ಅಷ್ಟೂ ಬಲ 2 ಚದರ ಸೆಂ.ಮೀ. ಮೇಲೆ ಬಿದ್ದರೆ ಒತ್ತಡ ಎಷ್ಟು? ಮಕ್ಕಳು ಗ್ರಾಫ್ ಹಾಳೆಯ ಮೇಲೆ ಬೆರಳಿಟ್ಟು ಗೆರೆ ಎಳೆದು ತುದಿಯ ವಿಸ್ತೀರ್ಣ ಅಳೆದರು. 1,00,000ವನ್ನು 0.0002 ಚದರ ಮೀಟರಿನಿಂದ ಭಾಗಿಸಿದಾಗ ಬಂದ 50 ಕೋಟಿ ಪಾಸ್ಕಲ್ ಎಂಬ ಉತ್ತರವನ್ನು ಯಾರೂ ಗಟ್ಟಿಯಾಗಿ ಓದಲಿಲ್ಲ. ಉಕ್ಕಿನ ಶೀಟ್ ಯಾಕೆ ಕತ್ತರಿಸುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿತ್ತು. ಬೆರಳಿಗೆ ಏನಾಗುತ್ತದೆ ಎಂಬುದನ್ನು ನಾನು ಹೇಳಬೇಕಾಗಲಿಲ್ಲ.

ಮೂರನೇ ಅವಧಿ: ಸ್ಕೇಲ್ ಹಿಡಿಯುವ ಪ್ರಯೋಗ

‘ಹುಷಾರಾಗಿದ್ದರೆ ಕೈ ತೆಗೆಯಬಹುದಲ್ಲವೇ?’ ಇದೇ ಈ ಅವಧಿಯ ಸಮಸ್ಯೆ. ಸಾಮಗ್ರಿ 30 ಸೆಂ.ಮೀ. ಸ್ಕೇಲ್ ಮಾತ್ರ. ಒಬ್ಬರು ಸ್ಕೇಲನ್ನು ಮೇಲಿನಿಂದ ಹಿಡಿದಿರಬೇಕು; ಇನ್ನೊಬ್ಬರು ಸೊನ್ನೆಯ ಗುರುತಿನ ಬಳಿ ಬೆರಳುಗಳನ್ನು ತಾಗದಂತೆ ತೆರೆದಿಟ್ಟಿರಬೇಕು. ಹೇಳದೆ ಬಿಟ್ಟಾಗ ಎಷ್ಟನೇ ಸೆಂ.ಮೀ.ನಲ್ಲಿ ಹಿಡಿದರು ಎಂದು ನೋಡಬೇಕು. ಬೀಳುವ ವಸ್ತುವಿನ ಸೂತ್ರ ಎಂಟನೇ ತರಗತಿಗೆ ಇಲ್ಲದ್ದರಿಂದ ಕೋಷ್ಟಕ ಕೊಟ್ಟೆ: 5 ಸೆಂ.ಮೀ. ಎಂದರೆ 0.10 ಸೆಕೆಂಡು, 10 ಎಂದರೆ 0.14, 15 ಎಂದರೆ 0.17, 20 ಎಂದರೆ 0.20, 25 ಎಂದರೆ 0.23.

ಹೆಚ್ಚಿನವರು 15ರಿಂದ 22 ಸೆಂ.ಮೀ. ನಡುವೆ ಹಿಡಿದರು. ಎರಡನೇ ಸುತ್ತಿನಲ್ಲಿ ಹಿಡಿಯುವವರಿಗೆ ಹದಿಮೂರರ ಮಗ್ಗಿ ಹೇಳಲು ತಿಳಿಸಿದೆ. ಹಲವರ ಕೈಯಿಂದ ಸ್ಕೇಲ್ ನೆಲಕ್ಕೆ ಬಿತ್ತು. ನಗು ಜೋರಾಯಿತು. “ಓಟಿ ಮಾಡಿ ನಿದ್ದೆಗೆಟ್ಟೋರಿಗೆ ಹೀಗೇ ಆಗುತ್ತಾ ಮಿಸ್?” ಎಂದು ಒಬ್ಬಳು ಕೇಳಿದಾಗ ನಗು ನಿಂತಿತು.

ಲೆಕ್ಕಕ್ಕೆ ನಿಮಿಷಕ್ಕೆ 120 ಸಲ ಹೊಡೆಯುವ ಚಿಕ್ಕ ಪ್ರೆಸ್ ಹಿಡಿದೆವು. ಒಂದು ಸುತ್ತಿಗೆ ಅರ್ಧ ಸೆಕೆಂಡು. ಇಳಿಯಲು ಅದರ ಅರ್ಧ, 0.25 ಸೆಕೆಂಡು. ಅಪಾಯ ಕಂಡು ಕೈಗೆ ಸುದ್ದಿ ಮುಟ್ಟುವುದಕ್ಕೇ 0.20 ಸೆಕೆಂಡು ಹೋಯಿತು. ಉಳಿದದ್ದು 0.05. ತರಗತಿಯ ಅತಿ ಚುರುಕಾದ ಹುಡುಗನೂ ಒಪ್ಪಿಕೊಂಡ: “ಹುಷಾರಾಗಿದ್ರೂ ಆಗಲ್ಲ ಮಿಸ್.”

ಇದು ಈ ಘಟಕದ ತಿರುವು. ತಪ್ಪು ಆಪರೇಟರನ ಗಮನದಲ್ಲಿಲ್ಲ, ಮನುಷ್ಯನ ದೇಹಕ್ಕೇ ಒಂದು ಮಿತಿ ಇದೆ. ಆದ್ದರಿಂದ ರಕ್ಷಣೆ ಯಂತ್ರದಲ್ಲೇ ಇರಬೇಕು. ಈ ತೀರ್ಮಾನಕ್ಕೆ ಮಕ್ಕಳು ಅಳತೆಯಿಂದ ಬಂದರು, ನನ್ನ ಉಪದೇಶದಿಂದಲ್ಲ. ಅಪಾಯಕಾರಿ ಯಂತ್ರಭಾಗಗಳಿಗೆ ಭದ್ರವಾದ ತಡೆ ಇರಲೇಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 21ನೇ ಕಲಂ ಹೇಳಿದ್ದನ್ನು ಆಗ ತಿಳಿಸಿದೆ. ಕಾನೂನಿನ ಆ ಮಾತಿನ ಹಿಂದೆ ಒಂದು ಸ್ಕೇಲಿನ ಲೆಕ್ಕ ಇದೆಯೆಂದು ಅವರಿಗೆ ಹೊಳೆಯಿತು.

ನಾಲ್ಕನೇ ಅವಧಿ: ಎರಡು ಗುಂಡಿಗಳು

ಕೈಯನ್ನು ಡೈನಿಂದ ದೂರ ಇಡುವ ಉಪಾಯ ಯೋಚಿಸಿ ಎಂದು ಗುಂಪುಗಳಿಗೆ ಹೇಳಿದೆ. ಜಾಲರಿ, ಉದ್ದ ಇಕ್ಕಳ, ಜಾರುಹಲಗೆಯಂತಹ ದಾರಿ ಎಂದೆಲ್ಲ ಚಿತ್ರ ಬರೆದರು. ಪ್ರೆಸ್ ಬಗ್ಗೆ ಬರೆದಿದ್ದವರಲ್ಲಿ ಒಬ್ಬ ಹುಡುಗ ತನ್ನ ಅಪ್ಪನ ಯಂತ್ರದಲ್ಲಿ ಎರಡು ಗುಂಡಿಗಳಿವೆ ಎಂದ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಪಂಚ್ ಇಳಿಯುತ್ತದೆ. ಎರಡು ಕೈಗಳೂ ಗುಂಡಿಗಳ ಮೇಲಿದ್ದರೆ ಡೈ ಒಳಗೆ ಯಾವ ಕೈಯೂ ಇರುವುದಿಲ್ಲ.

ಆ ಉಪಾಯವನ್ನು ಮೇಜಿನ ಮೇಲೆ ಕಟ್ಟಿ ತೋರಿಸಲು ರಟ್ಟಿನ ಮೇಲೆ ಎರಡು ಶುಷ್ಕಕೋಶ, ಒಂದು ಟಾರ್ಚ್ ಬಲ್ಬು, ಎರಡು ಒತ್ತುಗುಂಡಿಗಳನ್ನು ಸರಣಿಯಲ್ಲಿ ಜೋಡಿಸಿದೆ. ಒಂದನ್ನು ಒತ್ತಿದರೆ ಬೆಳಕಿಲ್ಲ, ಎರಡನ್ನೂ ಒತ್ತಿದರೆ ಬೆಳಕು. ‘ಇದೂ ಬೇಕು, ಅದೂ ಬೇಕು’ ಎಂಬ ಈ ನಿಯಮವೇ ಕಂಪ್ಯೂಟರ್ ಚಿಪ್‌ಗಳ ಒಳಗೆ ಕೋಟಿಗಟ್ಟಲೆ ಸಲ ಕೂತಿದೆ ಎಂದು ಹೇಳುವಷ್ಟರಲ್ಲಿ ಅದೇ ಹುಡುಗ ಎದ್ದುಬಂದು, ಜೇಬಿನಿಂದ ಸೆಲ್ಲೋಟೇಪ್ ತೆಗೆದು, ಒಂದು ಗುಂಡಿಯನ್ನು ಒತ್ತಿಹಿಡಿದು ಅದರ ಮೇಲೆ ಸುತ್ತಿದ. ಇನ್ನೊಂದನ್ನು ಒಂದೇ ಬೆರಳಿನಿಂದ ಒತ್ತಿದ. ಬಲ್ಬು ಉರಿಯಿತು.

“ನಮ್ಮಪ್ಪನ ಮಿಷಿನ್ನು ಹಿಂಗಿರೋದು ಮಿಸ್. ಒಂದು ಕೈಲಿ ಒತ್ತಿ, ಇನ್ನೊಂದು ಕೈಲಿ ಪೀಸ್ ಹಾಕ್ತಾರೆ. ಬೇಗ ಆಗುತ್ತೆ.”

ತರಗತಿ ಬಲ್ಬನ್ನೇ ನೋಡುತ್ತಿತ್ತು. ನಾನು ಆ ಕ್ಷಣದಲ್ಲಿ ಕೇಳಿದ್ದು ತಪ್ಪು ಪ್ರಶ್ನೆ: “ಹೀಗೆ ಮಾಡಿದರೆ ಏನಾಗಬಹುದು?” ನಿನ್ನೆಯ ಲೆಕ್ಕ ಎಲ್ಲರಿಗೂ ನೆನಪಿತ್ತು. ಉತ್ತರಗಳು ಒಂದರ ಹಿಂದೊಂದು ಬಂದವು. ಆ ಹುಡುಗ ತಲೆ ತಗ್ಗಿಸಿ ಕೂತ. ಗಂಟೆ ಹೊಡೆಯಿತು.

ಒಬ್ಬ ತಂದೆ ಬಂದರು

ಎರಡು ದಿನಗಳ ನಂತರ ಬೆಳಗ್ಗೆ ಅವನ ತಂದೆ ಶಾಲೆಗೆ ಬಂದರು. ಯಾದಗಿರಿ ಕಡೆಯವರು. ಎರಡನೇ ಶಿಫ್ಟ್‌ಗೆ ಹೋಗುವ ಮುನ್ನ ಬಂದಿದ್ದರು. ಮುಖ್ಯಶಿಕ್ಷಕಿಯವರ ಕೊಠಡಿಯಲ್ಲಿ ನಿಂತೇ ಮಾತಾಡಿದರು.

“ಮೇಡಮ್ಮಾರ, ಮನ್ಯಾಗ ಬಂದು ‘ಅಪ್ಪಾ, ಆ ಟೇಪು ಬಿಚ್ಚು’ ಅಂತಾನ್ರಿ. ಬಿಚ್ಚೂದು ನನ್ನ ಕೈಯಾಗ ಅದೇನ್ರಿ? ತಾಸಿಗೆ ಇಷ್ಟು ಪೀಸ್ ಅಂತ ಲೆಕ್ಕ ಇರ್ತದ. ಎರಡೂ ಕೈಲೆ ಒತ್ತಿದ್ರ ಲೆಕ್ಕ ಮುಟ್ಟಂಗಿಲ್ಲ. ನಾಳಿ ನನ್ನ ಜಾಗಕ್ಕ ಬ್ಯಾರೆಯವ್ರು ಬರ್ತಾರ. ಮಗ ‘ನಿನಗ ಬುದ್ಧಿ ಇಲ್ಲ’ ಅಂದ್ನಿರಿ. ಎರಡು ದಿನ ಆತು, ನನ್ನ ಜೋಡಿ ಊಟಕ್ಕ ಕೂಡವಲ್ಲ.”

ನನಗೆ ಉತ್ತರ ಹೊಳೆಯಲಿಲ್ಲ. ಅಪಾಯದ ಲೆಕ್ಕವನ್ನು ಮಗನ ಕೈಗೆ ಕೊಟ್ಟು ಮನೆಗೆ ಕಳಿಸಿದ್ದೆ. ಅದರ ಭಾರ ಯಾರ ಮೇಲೆ ಬೀಳುತ್ತದೆಂದು ಯೋಚಿಸಿರಲಿಲ್ಲ. ನನ್ನದೇ ನಾಲ್ಕನೇ ಪ್ರಶ್ನೆ, ‘ತೀರ್ಮಾನಿಸಿದವರು ಯಾರು?’ ಎಂಬುದನ್ನು ತರಗತಿಯಲ್ಲಿ ಕೇಳದೆ ಬಿಟ್ಟಿದ್ದೆ. ಅದನ್ನು ಕೇಳದಿದ್ದಾಗ ಇಡೀ ಪಾಠ ‘ಟೇಪು ಹಚ್ಚಿದವನು ದಡ್ಡ’ ಎಂಬಲ್ಲಿಗೆ ಬಂದು ನಿಂತಿತ್ತು. ‘ಹುಷಾರಾಗಿರಬೇಕು’ ಎಂಬ ಹಳೆಯ ಉತ್ತರವೇ ಇನ್ನೊಂದು ವೇಷದಲ್ಲಿ ವಾಪಸು ಬಂದಿತ್ತು.

ಕ್ಷಮೆ ಕೇಳಿದೆ. ಮುಖ್ಯಶಿಕ್ಷಕಿಯವರು ಅವರನ್ನು ಕೂರಿಸಿ ಚಹಾ ತರಿಸಿದರು. ಮಗ ಕಲಿತದ್ದೇನೆಂದು ತೋರಿಸಲು ರಟ್ಟಿನ ಮಾದರಿಯನ್ನು ಅವರ ಮುಂದಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ಒಂದೇ ಕೈಯ ಹೆಬ್ಬೆರಳು ಮತ್ತು ಕಿರುಬೆರಳನ್ನು ಎರಡು ಗುಂಡಿಗಳ ಮೇಲಿಟ್ಟು ಬಲ್ಬು ಉರಿಸಿದರು.

“ಟೇಪೂ ಬ್ಯಾಡ್ರಿ ಇದಕ್ಕ. ಗುಂಡಿ ದೂರ ದೂರ ಇಡಬೇಕ್ರಿ, ಮೊಣಕೈಲೆ ಸುದ್ದಾ ಮುಟ್ಟಬಾರ್ದು.”

ನಾನು ಎರಡು ದಿನ ಕೂತು ಮಾಡಿದ ಮಾದರಿಯ ದೋಷವನ್ನು ಅವರು ಅರೆ ನಿಮಿಷದಲ್ಲಿ ಕಂಡುಹಿಡಿದರು. ಇದೇ ಮಾತನ್ನು ತರಗತಿಯಲ್ಲಿ ಹೇಳುವಿರಾ ಎಂದು ಕೇಳಿದೆ. ಒಪ್ಪಲಿಲ್ಲ. ಕಾರ್ಖಾನೆಯ ಹೆಸರು ಎಲ್ಲೂ ಬರುವುದಿಲ್ಲ, ಟೇಪಿನ ಮಾತು ನೀವು ಎತ್ತಬೇಕಿಲ್ಲ ಎಂದು ಮುಖ್ಯಶಿಕ್ಷಕಿಯವರು ಭರವಸೆ ಕೊಟ್ಟ ಮೇಲೆ, “ನೋಡೂಣ್ರಿ” ಎಂದು ಹೋದರು. ಮರುವಾರ ಬಂದರು.

ಐದನೇ ಅವಧಿ: ತೀರ್ಮಾನ ಯಾರದು?

ಅವರು ಹತ್ತು ನಿಮಿಷ ಮಾತಾಡಿದರು. ಡೈ ಕೂರಿಸುವುದು, ಪೀಸ್ ಸರಿಯಿದೆಯೇ ಎಂದು ವರ್ನಿಯರ್‌ನಲ್ಲಿ ಅಳೆಯುವುದು, ಸದ್ದು ಬದಲಾದರೆ ಯಂತ್ರದಲ್ಲಿ ಏನೋ ಸಡಿಲವಾಗಿದೆ ಎಂದು ತಿಳಿಯುವುದು. ಗೋಡೆಯಾಚೆಯ ಸದ್ದು ಕೇಳಿ, “ಈಗ ತೆಳ್ಳನ ಶೀಟ್ ಹೊಡ್ಯಾಕತ್ತಾರ” ಎಂದರು. ಮಕ್ಕಳು ಮೊದಲ ಸಲ ಆ ಸದ್ದಿಗೆ ಕಿವಿಗೊಟ್ಟರು. ಅವರ ಮಗ ಮಾತ್ರ ಗೋಡೆಯ ಕಡೆ ತಿರುಗದೆ ಅಪ್ಪನನ್ನೇ ನೋಡುತ್ತಿದ್ದ.

ನಂತರ ಗುಂಡಿಗಳನ್ನು ಎಷ್ಟು ದೂರ ಇಡಬೇಕೆಂದು ಲೆಕ್ಕ ಮಾಡಿದೆವು. ಅಮೆರಿಕದ ಕೈಗಾರಿಕಾ ಸುರಕ್ಷತಾ ನಿಯಮದಲ್ಲಿ ಕೈಯ ವೇಗವನ್ನು ಸೆಕೆಂಡಿಗೆ 63 ಇಂಚು, ಅಂದರೆ ಸುಮಾರು 1.6 ಮೀಟರ್ ಎಂದು ಹಿಡಿಯುತ್ತಾರೆ. ಪಂಚ್ ಇಳಿಯುವ 0.25 ಸೆಕೆಂಡಿನಲ್ಲಿ ಕೈ 40 ಸೆಂ.ಮೀ. ಹೋಗಬಲ್ಲದು. ಆದ್ದರಿಂದ ಗುಂಡಿಗಳು ಡೈನಿಂದ ಅದಕ್ಕಿಂತ ದೂರದಲ್ಲಿರಬೇಕು. ಕ್ಲಚ್ ಹಿಡಿಯುವವರೆಗಿನ ಸಮಯವನ್ನೂ ಸೇರಿಸಿದರೆ ಇನ್ನೂ ದೂರ. ಟೇಪು ಹಚ್ಚಿದರೂ ಕೆಲಸ ಮಾಡದಂತೆ ಗುಂಡಿಯನ್ನು ಮಾಡಬಹುದೇ ಎಂದು ಕೇಳಿದಾಗ ಹಿಂದಿನ ಬೆಂಚಿನ ಹುಡುಗಿ, “ಪ್ರತಿ ಸಲ ಎರಡನ್ನೂ ಬಿಟ್ಟು ಮತ್ತೆ ಒತ್ತಿದರೆ ಮಾತ್ರ ಓಡೋ ಥರ ಮಾಡಬೇಕು” ಎಂದಳು. ಅಂತಹ ವ್ಯವಸ್ಥೆ ನಿಜವಾಗಿಯೂ ಇದೆ. ಎರಡೂ ಗುಂಡಿಗಳನ್ನು ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಒತ್ತಬೇಕು, ಪ್ರತಿ ಹೊಡೆತದ ನಂತರ ಎರಡನ್ನೂ ಬಿಡಬೇಕು. ಹಾಗಾದರೆ ಅದನ್ನು ಹಾಕಿಸಬೇಕಾದವರು ಯಾರು, ತಾಸಿನ ಲೆಕ್ಕ ನಿಗದಿಮಾಡುವವರು ಯಾರು, ಆಪರೇಟರ್ ಏನನ್ನು ಬದಲಿಸಬಲ್ಲ, ಏನನ್ನು ಬದಲಿಸಲಾರ? ನಾಲ್ಕನೇ ಪ್ರಶ್ನೆಯ ಖಾಲಿ ಜಾಗ ಈಗ ತುಂಬತೊಡಗಿತು: ಯಂತ್ರ ಮಾಡಿದವರು, ಕೊಂಡವರು, ಲೆಕ್ಕ ಕೊಟ್ಟವರು, ತಪಾಸಣೆ ಮಾಡಬೇಕಾದವರು, ಕೊನೆಗೆ ಒತ್ತುವವರು.

ಉಳಿದ ಹತ್ತು ನಿಮಿಷಗಳಲ್ಲಿ ಫೋನಿಗೆ ಬಂದೆವು. ಯುಪಿಐನಲ್ಲೂ ಎರಡು ಗುಂಡಿಗಳಿವೆ: ನೋಂದಾಯಿಸಿದ ಫೋನ್ ಮತ್ತು ಸಿಮ್ ಒಂದು, ಪಿನ್ ಇನ್ನೊಂದು. ಬ್ಯಾಂಕಿನ ಪಾಸ್‌ವರ್ಡ್ ಮತ್ತು ಓಟಿಪಿ ಕೂಡ ಹಾಗೆಯೇ. ಓಟಿಪಿ ಬೇರೆಯವರಿಗೆ ಹೇಳುವುದೆಂದರೆ ಒಂದು ಗುಂಡಿಗೆ ಟೇಪು ಹಚ್ಚಿದಂತೆ. ಹಣ ಕಳಿಸುವಾಗ ಪಿನ್ ಬೇಕು, ಪಡೆಯುವಾಗ ಬೇಡ ಎಂಬುದು ಅರ್ಧ ತರಗತಿಗೆ ಗೊತ್ತಿರಲಿಲ್ಲ. ಒಬ್ಬಳು, “ನಮ್ಮಮ್ಮನ ಪಿನ್ ನಾನೇ ಒತ್ತೋದು ಮಿಸ್, ಅಮ್ಮಂಗೆ ಇಂಗ್ಲಿಷ್ ಬರಲ್ಲ” ಎಂದಳು. ಈ ಸಲ ನಾನು ಎಚ್ಚರ ತಪ್ಪಲಿಲ್ಲ. ಅಮ್ಮನ ತಪ್ಪೇನು ಎಂದು ಕೇಳದೆ, ಆ್ಯಪ್ ಯಾವ ಭಾಷೆಯಲ್ಲಿದೆ, ಅದನ್ನು ಆರಿಸಿದವರು ಯಾರು, ಬದಲಿಸಬಹುದೇ ಎಂದು ಕೇಳಿದೆ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಹುಡುಕಿ ಅಮ್ಮನಿಗೇ ಒತ್ತಲು ಕಲಿಸುವುದು ಅಂದಿನ ಮನೆಗೆಲಸವಾಯಿತು. ಮೋಸವಾದರೆ ತಕ್ಷಣ ಕರೆಮಾಡಬೇಕಾದ 1930 ಸಂಖ್ಯೆಯನ್ನು ಎಲ್ಲರೂ ಬರೆದುಕೊಂಡರು.

ಮೌಲ್ಯಮಾಪನ

ಪಾಠದಲ್ಲಿ ಬಾರದ ಸನ್ನಿವೇಶ ಕೊಟ್ಟೆ: ‘ಕೆಲವು ಮಿಕ್ಸಿಗಳು ಜಾರಿನ ಮುಚ್ಚಳ ಸರಿಯಾಗಿ ಕೂರದಿದ್ದರೆ ಓಡುವುದಿಲ್ಲ. ಯಾಕೆ ಹಾಗೆ ಮಾಡಿದ್ದಾರೆ? ಇಲ್ಲಿ ಎರಡು ಗುಂಡಿಗಳು ಯಾವುವು?’ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮುಚ್ಚಳವೇ ಒಂದು ಗುಂಡಿ ಎಂದು ಗುರುತಿಸಿದರು. ಕುಕ್ಕರಿನ ಸೇಫ್ಟಿ ವಾಲ್ವನ್ನು ಹೋಲಿಸಿದವರೂ ಇದ್ದರು. ಒಂಬತ್ತು ಮಕ್ಕಳು ಈಗಲೂ ‘ಹುಷಾರಾಗಿರಬೇಕು’ ಎಂದೇ ಬರೆದರು. ದಶಮಾಂಶ ಭಾಗಾಕಾರದಲ್ಲಿ ಸೋತವರು ಮೂರನೇ ಅವಧಿಯಲ್ಲಿ ಹಿಂದೆ ಬಿದ್ದಿದ್ದರು. ಗುಂಪಿನ ಗದ್ದಲದಲ್ಲಿ ನಾನದನ್ನು ಗಮನಿಸಿರಲಿಲ್ಲ. ಮುಂದಿನ ಸಲ ಲೆಕ್ಕಕ್ಕೆ ಒಂದು ಅವಧಿ ಹೆಚ್ಚು ಬೇಕು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಒಂದು, ಕಂಪ್ಯೂಟರ್ ಕೊಠಡಿಯ ಬೀಗದ ಕೈ ಸಿಗುವವರೆಗೆ ಕಾಯಬೇಡಿ. ನಿಮ್ಮ ಶಾಲೆಯ ಸುತ್ತ ಯಾವ ಯಂತ್ರದ ಸದ್ದಿದೆಯೋ ಅಲ್ಲಿಂದ ಆರಂಭಿಸಿ. ವೈಟ್‌ಫೀಲ್ಡ್‌ನಲ್ಲಿ ಅದು ಅಪಾರ್ಟ್‌ಮೆಂಟಿನ ಲಿಫ್ಟ್ ಆಗಿರಬಹುದು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗೇಟಿನ ಬೆರಳಚ್ಚು ಯಂತ್ರ, ಹಳ್ಳಿಯಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್.

ಎರಡು, ಅಪಾಯದ ಬಗ್ಗೆ ಅಳತೆಯಿಂದ ಮಾತಾಡಿಸಿ. ಒಂದು ಸ್ಕೇಲ್ ಮಾಡಿದ ಕೆಲಸವನ್ನು ನನ್ನ ಬಣ್ಣದ ಚಾರ್ಟ್ ಮಾಡಲಿಲ್ಲ.

ಮೂರು, ‘ಏನಾಗಬಹುದು?’ ಎಂಬ ಪ್ರಶ್ನೆ ಕೇಳಿದ ಅವಧಿಯಲ್ಲೇ ‘ತೀರ್ಮಾನ ಯಾರದು?’ ಎಂದೂ ಕೇಳಿ. ಮೊದಲನೆಯದನ್ನು ಮಾತ್ರ ಕೇಳಿ ಗಂಟೆ ಹೊಡೆಸಿದರೆ ಮಗು ಆ ಭಾರವನ್ನು ಮನೆಗೆ ಹೊತ್ತೊಯ್ಯುತ್ತದೆ, ಎದುರಿಗೆ ಸಿಗುವ ಅಪ್ಪ ಅಮ್ಮನ ಮೇಲೆ ಇಳಿಸುತ್ತದೆ.

ನಾಲ್ಕು, ಪೋಷಕರನ್ನು ಕರೆಯುವುದಾದರೆ ಅವರ ಕೆಲಸಕ್ಕೆ ತೊಂದರೆಯಾಗದಂತೆ ಮೊದಲು ಮುಖ್ಯಶಿಕ್ಷಕರೊಡನೆ ಮಾತಾಡಿ. ಅವರನ್ನು ಉದಾಹರಣೆಯನ್ನಾಗಿ ಕರೆಯಬೇಡಿ, ಬಲ್ಲವರೆಂದು ಕರೆಯಿರಿ.

ಇಂಟರ್ನ್‌ಶಿಪ್ ಮುಗಿಯುವ ದಿನ ಆ ಹುಡುಗ ತಾನಾಗಿ ಬಂದು ಹೇಳಿದ. ಟೇಪು ಇನ್ನೂ ಇದೆ. ಆದರೆ ಅಪ್ಪ ಈಗ ಉದ್ದ ಇಕ್ಕಳದಲ್ಲಿ ಪೀಸ್ ಹಾಕುತ್ತಾರೆ. ಪಕ್ಕದ ಯಂತ್ರದವರೂ ಒಂದು ಮಾಡಿಸಿಕೊಂಡಿದ್ದಾರೆ. ಇಕ್ಕಳದ ಬಾಯಿ ಎಷ್ಟು ಅಗಲವಿರಬೇಕೆಂದು ಅಪ್ಪ ಮಗ ಇಬ್ಬರೂ ಕೂತು ಚಿತ್ರ ಬರೆದರಂತೆ. ಆ ಚಿತ್ರವನ್ನು ಕಡತದಲ್ಲಿ ಇಟ್ಟುಕೊಳ್ಳಲು ಕೊಡುತ್ತೀಯಾ ಎಂದು ಕೇಳಿದೆ. “ಬೇಡ ಮಿಸ್, ಅಪ್ಪಂಗೆ ಬೇಕು” ಎಂದು ಮಡಿಸಿ ಜೇಬಿಗಿಟ್ಟುಕೊಂಡ.